ಇಗ್ನಿಷನ್ ಕಾಯಿಲ್ ಪರೀಕ್ಷೆ: ಮೀಟರೋ, ಕಿಡಿಯೋ, ಅದಲುಬದಲೋ?

ಪೆಟ್ರೋಲ್ ಕಾರಿನ ಒಂದು ಸಿಲಿಂಡರ್ ಕೈಕೊಟ್ಟು ಎಂಜಿನ್ ನಡುಗತೊಡಗಿದಾಗ, ದೋಷ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರಲು ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್‌ನದೇ ಎಂದು ಮನೆಯಲ್ಲೇ ಖಚಿತಪಡಿಸಿಕೊಳ್ಳಲು ಮೂರು ವಿಧಾನಗಳನ್ನು ಪ್ರಯೋಗಿಸಿ ನೋಡಿದ್ದೇನೆ. ಅವುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವ ಮಲ್ಟಿಮೀಟರ್ ವಿಧಾನವೇ ನನಗೆ ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬಂದಿತು.

ಒಂದೇ ಕಾಯಿಲ್‌ನ ವಿದ್ಯುತ್ತನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಕಾರುಗಳಲ್ಲಿ ಮೀಟರಿಗೆ ಬೆಲೆಯಿದೆ. ಬ್ಯಾಟರಿಯ ವಿದ್ಯುತ್ ಹರಿಯುವ ಪ್ರೈಮರಿ ಸುತ್ತಿನಲ್ಲಿ ಕೆಲವೇ ಓಮ್, ಪ್ಲಗ್ಗಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಸೆಕೆಂಡರಿಯಲ್ಲಿ ಸಾವಿರಾರು ಓಮ್ ರೋಧ ಕಾಣಬೇಕು. ಸುತ್ತು ಕಡಿದಿದ್ದರೆ ತಕ್ಷಣ ತಿಳಿಯುತ್ತದೆ. ಆದರೆ ಪ್ಲಗ್ಗಿಗೊಂದರಂತೆ ಕಾಯಿಲ್ ಇರುವ ನನ್ನ ಈಗಿನ ಕಾರಿನಲ್ಲಿ, ಕಾಯಿಲ್‌ನ ಒಳಗೇ ಟ್ರಾನ್ಸಿಸ್ಟರ್ ಇರುವುದರಿಂದ ಕನೆಕ್ಟರಿನ ಪಿನ್ನುಗಳ ಮೂಲಕ ಪ್ರೈಮರಿಯನ್ನು ನೇರವಾಗಿ ಅಳೆಯಲಾಗುವುದಿಲ್ಲ. ಅಳೆಯಲಾಗುವ ಕಾಯಿಲ್‌ಗಳಲ್ಲೂ, ಬಿಸಿಯೇರಿದಾಗ ಸಾವಿರಾರು ವೋಲ್ಟಿಗೆ ಸೋರುವ ಇನ್ಸುಲೇಷನ್ನಿನ ಬಿರುಕು ಮೀಟರಿನ ಪುಟ್ಟ ಬ್ಯಾಟರಿಗೆ ಕಾಣುವುದಿಲ್ಲ. ಮೀಟರ್ ‘ಕೆಟ್ಟಿದೆ’ ಎಂದರೆ ನಂಬಬಹುದು, ‘ಸರಿಯಿದೆ’ ಎಂದರೆ ನಂಬಲಾಗದು.

ಕಿಡಿ ಹಾರುವ ಅಂತರವನ್ನು ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ಇದಕ್ಕಿಂತ ಪ್ರಾಮಾಣಿಕ. ಕಿಡಿ ದಪ್ಪನಾಗಿ, ನೀಲಿಯಾಗಿ ಹಾರುತ್ತಿದ್ದರೆ ಕಾಯಿಲ್‌ಗೆ ಶಕ್ತಿಯಿದೆ ಎಂದರ್ಥ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಕನೆಕ್ಟರ್ ತೆಗೆದಿಟ್ಟು, ಟೆಸ್ಟರನ್ನು ಎಂಜಿನ್ನಿನ ಲೋಹಕ್ಕೆ ಭದ್ರವಾಗಿ ಸೇರಿಸಿದ ಮೇಲೆಯೇ ಸ್ಟಾರ್ಟ್ ಮಾಡಬೇಕು. ಸ್ಕ್ರೂಡ್ರೈವರ್ ಹಿಡಿದು ಕಿಡಿ ಹಾರಿಸುವ ಹಳೆಯ ಚಾಳಿ ಕೈಗೂ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೂ ಅಪಾಯಕಾರಿ.

ನನ್ನ ಮತ ಮಾತ್ರ ಕಾಯಿಲ್‌ಗಳ ಅದಲುಬದಲಿಗೆ. ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರಿನಲ್ಲಿ ಪಿ0303, ಅಂದರೆ ಮೂರನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದ ಮಿಸ್‌ಫೈರ್, ಎಂದು ಬಂದಿತ್ತು. ಎಂಜಿನ್ ತಣಿದ ಮೇಲೆ ಕನೆಕ್ಟರಿನ ಪ್ಲಾಸ್ಟಿಕ್ ಕೊಂಡಿಯನ್ನು ಹೆಬ್ಬೆರಳಿನಿಂದ ಒತ್ತಿ (ಶಾಖಕ್ಕೆ ಪೆಡಸಾಗಿರುವ ಇದು ಎಳೆದರೆ ಮುರಿಯುತ್ತದೆ), ಬೋಲ್ಟ್ ಬಿಚ್ಚಿ, ಮೂರನೆಯ ಕಾಯಿಲ್ಲನ್ನು ಒಂದನೆಯದರ ಜಾಗಕ್ಕೂ ಒಂದನೆಯದನ್ನು ಮೂರಕ್ಕೂ ಕೂರಿಸಿ, ಪ್ಲಗ್ಗುಗಳನ್ನು ಮುಟ್ಟದೆ ಕೋಡ್ ಅಳಿಸಿ ಓಡಿಸಿದಾಗ ಪಿ0301 ಕಾಣಿಸಿಕೊಂಡಿತು. ದೋಷ ಕಾಯಿಲ್‌ನ ಜೊತೆಗೇ ಸ್ಥಳ ಬದಲಿಸಿತ್ತು. ಕೋಡ್ ಮೂರರಲ್ಲೇ ಉಳಿದಿದ್ದರೆ ಪ್ಲಗ್, ಇಂಜೆಕ್ಟರ್ ಇಲ್ಲವೇ ಕಂಪ್ರೆಷನ್ನಿನ ಕಡೆ ನೋಡಬೇಕಾಗುತ್ತಿತ್ತು. ಹೊರತೆಗೆದ ಆ ಕಾಯಿಲ್‌ನ ರಬ್ಬರ್ ಕೊಳವೆಯ ಮೇಲೆ, ಕಿಡಿ ಹೊರಗೆ ಸೋರಿದ ದಾರಿಯಲ್ಲಿ, ಕೂದಲೆಳೆಯಷ್ಟು ಸಣ್ಣ ಗೆರೆಯೂ ಇತ್ತು.

ಈ ಪರೀಕ್ಷೆಗೆ ಕಾರನ್ನು ಅಗತ್ಯಕ್ಕಿಂತ ಹೆಚ್ಚು ಓಡಿಸಬಾರದು. ಮಿಸ್‌ಫೈರ್ ಆದಾಗ ಉರಿಯದೆ ಉಳಿದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಹಾಳುಮಾಡಬಲ್ಲದು, ಅದರ ಬೆಲೆಯ ಮುಂದೆ ಕಾಯಿಲ್‌ನ ಖರ್ಚು ಲೆಕ್ಕಕ್ಕೇ ಇಲ್ಲ.