ಸರಸ್ವತಿಪುರಂನವರ ಕೋಡ್ ರಿವ್ಯೂ: ಕೆಲಸ ಚೊಕ್ಕ, ರಿಪೋರ್ಟ್ ಮಾತ್ರ ಉದ್ದ

ಮೈಸೂರಿನ ಸರಸ್ವತಿಪುರಂನಲ್ಲಿ ಇಬ್ಬರೇ ಸೇರಿ ನಡೆಸುವ ಒಂದು ಸಣ್ಣ ಆಫೀಸಿದೆ. ಬೇರೆಯವರು ಬರೆದ ಕೋಡ್ ಓದಿ ಎಲ್ಲಿ ಎಡವಟ್ಟಾಗುತ್ತೆ ಅಂತ ಹುಡುಕಿಕೊಡುವುದೇ ಅವರ ಕೆಲಸ. ನಾವು ಮಂಡ್ಯದ ಬೆಲ್ಲದ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವವರು. ಮಂಡಿಯವರು ಎಕ್ಸೆಲ್‌ನಲ್ಲಿ ತಮಗೆ ತೋಚಿದ ಹಾಗೆ ಕಾಲಂ ಹೆಸರು ಹಾಕಿ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ ಫೈಲು) ಕಳಿಸುತ್ತಾರೆ, ನಮ್ಮ ಪಾರ್ಸರ್, ಅಂದ್ರೆ ಫೈಲು ಬಿಡಿಸಿ ಓದುವ ಕೋಡ್, ಅದನ್ನು ಓದಿ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ಗೆ ತುಂಬಬೇಕು. ಕಾಲಂ ಹೆಸರು ಸರಿಯಿದೆಯಾ ಅಂತ ನೋಡುವ ಭಾಗವನ್ನಷ್ಟೇ ಇವರಿಗೆ ಕೊಟ್ಟೆವು. ಪುಟ್ಟ ಫೈಲು. ಇಷ್ಟಕ್ಕೆಲ್ಲ ದುಡ್ಡು ಕೊಡಬೇಕಾ ಅಂತ ನಮ್ಮಲ್ಲೇ ಕೆಲವರು ಗೊಣಗಿದರು.

ನನಗೆ ಹಿಡಿಸಿದ್ದು ಇದು: ಕೋಡ್ ತೆರೆಯುವ ಮೊದಲೇ ಮಂಡಿಯಿಂದ ಬಂದ ಅಸಲಿ ಫೈಲುಗಳನ್ನು ಕೇಳಿದರು. ಸುಮ್ನೆ ಇಂಗ್ಲಿಷ್ ಸ್ಯಾಂಪಲ್ ಹಾಕಿ ಎಲ್ಲ ಚೆನ್ನಾಗಿದೆ ಅನ್ನಲಿಲ್ಲ. ನಮಗೊಂದು ವಿಚಿತ್ರ ಕಂಪ್ಲೇಂಟ್ ಇತ್ತು. 'ದರ' ಅನ್ನುವ ಕಾಲಂ ಸಲೀಸಾಗಿ ಒಳಗೆ ಹೋಗುತ್ತೆ, 'ತೂಕ' ಬಂದರೆ ಮಾತ್ರ ಹೆಸರು ಸರಿಯಿಲ್ಲ ಅಂತ ವಾಪಸ್ ಕಳಿಸುತ್ತೆ! ಕಾರಣ ರೆಜೆಕ್ಸ್‌ನಲ್ಲಿತ್ತು, ಅಂದ್ರೆ ಹೆಸರು ಯಾವ ಮಾದರಿಯಲ್ಲಿರಬೇಕು ಅಂತ ಹೇಳುವ ಸೂತ್ರದಲ್ಲಿ. ನಾವು ಕೋಡ್ ಬರೆಯುವ ಪೈಥಾನ್ ಭಾಷೆಯಲ್ಲಿ ಬ್ಯಾಕ್‌ಸ್ಲಾಶ್ ಡಬ್ಲ್ಯೂ (\w) ಅಂದ್ರೆ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಅಷ್ಟೇ. ನಮ್ಮ ಗುಣಿತದ ಗುರುತುಗಳು, ಒತ್ತಕ್ಷರಕ್ಕೆ ಬೇಕಾದ ಹಲಂತ (್) ಗುರುತು ಅದರ ಲೆಕ್ಕಕ್ಕೇ ಇಲ್ಲ. 'ದರ'ದಲ್ಲಿ ಗುಣಿತ ಇಲ್ಲ, ಪಾಸು. 'ತೂಕ'ದಲ್ಲಿ ಕೊಂಬಿದೆ, ಫೇಲು. ಅದರ ಬದಲು ಹೆಸರು ಸರಿಯಿದೆಯಾ ಅಂತ ನೋಡುವ ಪೈಥಾನಿನದೇ ಈಸ್‌ಐಡೆಂಟಿಫೈಯರ್ ಬಳಸಿ, ಅದು ಇವನ್ನೆಲ್ಲ ಒಪ್ಪುತ್ತೆ, ಆದರೆ ಆರ್ಡರ್, ಯೂಸರ್ ಥರ ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್ ತನಗೇ ಅಂತ ಇಟ್ಟುಕೊಂಡ ಪದಗಳನ್ನು ಅದು ತಡೆಯಲ್ಲ ಅಂತ ಎರಡನ್ನೂ ಬರೆದುಕೊಟ್ಟರು.

ಕಾಲಂ ಹೆಸರನ್ನು ನೇರ ಎಫ್-ಸ್ಟ್ರಿಂಗ್‌ಗೆ (ಪೈಥಾನಿನಲ್ಲಿ ಪದ ತುರುಕಿ ವಾಕ್ಯ ಕಟ್ಟುವ ರೀತಿ) ಅಂಟಿಸಿ ಕ್ವೆರಿ, ಅಂದ್ರೆ ಡೇಟಾಬೇಸ್‌ಗೆ ಕೊಡುವ ಆಜ್ಞೆ, ಕಟ್ಟುತ್ತಿದ್ದ ಸಾಲಿಗೂ ಕೆಂಪು ಗುರುತು ಬಿತ್ತು. ಪ್ಲೇಸ್‌ಹೋಲ್ಡರ್ (ಆಜ್ಞೆಯಲ್ಲಿ ಆಮೇಲೆ ತುಂಬಲು ಬಿಡುವ ಖಾಲಿ ಜಾಗ) ಕಾಲಂ ಒಳಗಿನ ಡೇಟಾಗೆ ಮಾತ್ರ ನಡೆಯುತ್ತೆ, ಕಾಲಂ ಹೆಸರಿಗೆ ನಡೆಯಲ್ಲ ಅಲ್ವಾ, ಅದಕ್ಕೆ ಪೈಥಾನನ್ನು ಪೋಸ್ಟ್‌ಗ್ರೆಸ್‌ಗೆ ಜೋಡಿಸುವ ಸೈಕೋಪಿಜಿಯಲ್ಲಿರುವ, ಹೆಸರುಗಳನ್ನು ಸುರಕ್ಷಿತವಾಗಿ ಸೇರಿಸುವ ಐಡೆಂಟಿಫೈಯರ್ ಹಾಕಿ ಅಂದರು. ಎಕ್ಸೆಲ್ ಮೊದಲ ಕಾಲಂಗೆ ಅಂಟಿಸಿ ಬಿಡುವ ಕಣ್ಣಿಗೆ ಕಾಣದ ಬಿಒಎಂ (ಫೈಲಿನ ಶುರುವಿನಲ್ಲಿ ಬರುವ) ಗುರುತನ್ನೂ ಹಿಡಿದಿದ್ದರು.

ಇನ್ನು ಬೇಜಾರಿನ ವಿಷಯ. ಎಲ್ಲಕ್ಕಿಂತ ದೊಡ್ಡ ಸಮಸ್ಯೆ ರಿಪೋರ್ಟಿನ ಕೊನೇ ಪುಟದಲ್ಲಿ ಅಡಗಿ ಕೂತಿತ್ತು. ಪೋಸ್ಟ್‌ಗ್ರೆಸ್ ಕಾಲಂ ಹೆಸರನ್ನು 63 ಬೈಟ್‌ಗೆ ಕತ್ತರಿಸುತ್ತೆ, ಎರರ್ ಕೊಡಲ್ಲ, ಬರೀ ನೋಟಿಸ್ ಕೊಟ್ಟು ಮುಂದೆ ಹೋಗುತ್ತೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬೈಟ್ ಆಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್. 'ಬೆಲ್ಲ' ಅನ್ನೋ ಎರಡಕ್ಷರಕ್ಕೇ 15 ಬೈಟ್ ಹೋಯ್ತು! ಹಾಗಾಗಿ ಉದ್ದದ ಎರಡು ಹೆಡಿಂಗ್‌ಗಳು ಶುರುವಿನಲ್ಲಿ ಒಂದೇ ಥರ ಇದ್ದು ಕೊನೆಗೆ ಬೇರೆಯಾದರೆ, ಕತ್ತರಿಸಿದ ಮೇಲೆ ಎರಡೂ ಒಂದೇ ಆಗಿ ಟೇಬಲ್ಲೇ ಹುಟ್ಟಲ್ಲ. ಇದನ್ನು ಮೊದಲ ಪುಟದಲ್ಲಿ ಹಾಕೋದು ಬಿಟ್ಟು ವೇರಿಯಬಲ್ ಹೆಸರು ಚೆನ್ನಾಗಿಲ್ಲ, ಕಮೆಂಟ್ ಕಮ್ಮಿ ಅಂತ ಪುಟ ತುಂಬಿಸಿದ್ದಾರೆ.

ಕಾಲಂ ಹೆಸರೆಲ್ಲ ಇಂಗ್ಲಿಷಿಗೆ ಬದಲಿಸಿ ಅನ್ನೋ ಸಲಹೆ ಬೇರೆ. ಕುರಿಕಟ್ಟು ಬೆಲ್ಲ, ಅಚ್ಚು ಬೆಲ್ಲ ಅಂತ ವರ್ಷಗಟ್ಟಲೆ ಬರೆದುಕೊಂಡು ಬಂದ ಗುಮಾಸ್ತರಿಗೆ ಹೇಳೋಕೆ ಇವರೇ ಮಂಡಿಗೆ ಬರ್ತಾರಾ? ಮಂಡಿಯವರ ಹೆಸರನ್ನು ಒಂದು ಪಟ್ಟಿಯಲ್ಲಿಟ್ಟು, ಒಳಗೆ ನಮ್ಮದೇ ಚಿಕ್ಕ ಹೆಸರು ಕೊಟ್ಟರೆ ಸಾಕಿತ್ತು. ನಾವು ಕೊನೆಗೆ ಮಾಡಿದ್ದೂ ಅದನ್ನೇ, 63ರ ತಲೆನೋವೂ ಅದರಲ್ಲೇ ಹೋಯ್ತು.

ಒಂದನ್ನು ಅವರು ನೋಡಲೇ ಇಲ್ಲ. 'ರೇಟ್' ಕೊನೆಗೆ ಕೆಲವು ಕೀಬೋರ್ಡ್‌ಗಳು ಝಡ್‌ಡಬ್ಲ್ಯೂಎನ್‌ಜೆ ಅನ್ನೋ, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಕಾಣದ ಗುರುತು ಸೇರಿಸುತ್ತವೆ, ಪರದೆ ಮೇಲೆ ಎರಡು 'ರೇಟ್' ಒಂದೇ ಥರ ಕಂಡರೂ ಡೇಟಾಬೇಸ್‌ಗೆ ಅವು ಬೇರೆ. ಫೋನ್ ಮಾಡಿ ಹೇಳಿದೆ. ವಾದ ಮಾಡದೆ ಫೈಲ್ ತರಿಸಿಕೊಂಡು ನೋಡಿ, ಆ ಟೆಸ್ಟನ್ನು ದುಡ್ಡು ತಗೊಳ್ಳದೆ ಸೇರಿಸಿಕೊಟ್ಟರು.

ಫೀಸು ಗಂಟೆ ಲೆಕ್ಕದಲ್ಲಿ, ಕಮ್ಮಿಯೇನಲ್ಲ. ಇಡೀ ಪ್ರಾಜೆಕ್ಟ್ ಕೊಡಬೇಡಿ, ಕಾಟ ಕೊಡುವ ಫೈಲ್ ಒಂದನ್ನೇ ಕೊಡಿ. ರಿಪೋರ್ಟ್ ಬಂದರೆ ಕೊನೇ ಪುಟದಿಂದ ಓದಿ.