ಬ್ಲೂಟೂತ್ ಡಾಂಗಲ್ ಸಾಕೇ, ಓಬಿಡಿಲಿಂಕ್ ಇಎಕ್ಸ್ ಬೇಕೇ? ಮಲೆನಾಡಿನ ಮಸ್ಟಾಂಗ್ ಮಾಲೀಕರಿಗೊಂದು ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡೋಣ. ಫೋರ್ಡ್ ಮಸ್ಟಾಂಗ್ ಇಟ್ಟುಕೊಂಡವರಿಗೆ ಓಬಿಡಿಲಿಂಕ್ ಇಎಕ್ಸ್, ಅಂದರೆ ಕಾರಿನ ದೋಷ ಕೋಡ್‌ಗಳನ್ನು ಲ್ಯಾಪ್‌ಟಾಪಿನಲ್ಲಿ ಓದಿಸುವ ಸ್ಕ್ಯಾನರ್, ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸಾಧನ. ಆದರೆ ಮನೆಯಲ್ಲಿ ಒಂದು ಒಳ್ಳೆಯ ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಮೀಟರ್) ಇಲ್ಲದಿದ್ದರೆ ಮೊದಲು ಅದನ್ನು ತನ್ನಿ, ಸ್ಕ್ಯಾನರ್ ಆಮೇಲೆ. ಯಾಕೆಂದರೆ ಸ್ಕ್ಯಾನರ್ ಓದಿ ಹೇಳುವುದು ಕಾರಿನ ದೂರನ್ನು ಮಾತ್ರ. ಆ ದೂರು ನಿಜವೋ, ಬ್ಯಾಟರಿ ಸೋತದ್ದಕ್ಕೆ ಎದ್ದ ಗಲಾಟೆಯೋ ಎಂದು ಗೊತ್ತಾಗುವುದು ಮೀಟರ್‌ನಲ್ಲಿ.

ಮಸ್ಟಾಂಗ್ ಜಿಟಿ ಬಲಗೈ ಸ್ಟೀರಿಂಗ್‌ನೊಂದಿಗೆ ಭಾರತಕ್ಕೆ ಅಧಿಕೃತವಾಗಿ ಬಂದದ್ದು 2016ರಲ್ಲಿ, 5.0 ಲೀಟರ್‌ನ ವಿ8 ಎಂಜಿನ್‌ನೊಂದಿಗೆ. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ತೀರ್ಥಹಳ್ಳಿಯ ತೋಟದ ಮನೆಯಲ್ಲಿ ಡ್ಯಾಶ್‌ಬೋರ್ಡ್ ತುಂಬ ದೀಪ ಹತ್ತಿಕೊಂಡರೆ ಫ್ಲಾಟ್‌ಬೆಡ್ ಲಾರಿ ಮಾಡಿ ಬೆಂಗಳೂರಿಗೆ ಸಾಗಿಸಬೇಕು. ಶಿವಮೊಗ್ಗದಿಂದಲೇ ಸುಮಾರು 300 ಕಿಲೋಮೀಟರ್. ಅಷ್ಟು ದೂರ ಹೋದ ಮೇಲೆ ಸಿಕ್ಕಿದ ತಪ್ಪು ಒಂದು ಸಡಿಲ ಅರ್ತ್ ನಟ್ (ಬ್ಯಾಟರಿಯ ನೆಗೆಟಿವ್ ಕಡೆಯನ್ನು ಬಾಡಿಗೆ ಸೇರಿಸುವ ಜಾಗದ ನಟ್) ಆಗಿದ್ದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಮೊದಲು ಕೋಡ್‌ಗಳನ್ನು ಫೋನಿಗೆ ಕಳಿಸುವ ಅಗ್ಗದ ಬ್ಲೂಟೂತ್ ಡಾಂಗಲ್ ವಿಷಯ. ಇಎಲ್‌ಎಂ327 ಎನ್ನುವುದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಕಂಪನಿ ಇಂಥ ಸಾಧನಗಳಿಗೆ ಮಾಡಿದ ಚಿಪ್. ಅದರ ಮೊದಲ ಆವೃತ್ತಿಗೆ ನಕಲು ತಡೆ ಇರಲಿಲ್ಲ, ಹಾಗಾಗಿ ಊರು ತುಂಬ ಅದರ ನಕಲುಗಳು. ಪೆಟ್ಟಿಗೆಯ ಮೇಲೆ ‘ವಿ1.5’ ಎಂದು ಬರೆದಿದ್ದರೆ ಅನುಮಾನವೇ ಬೇಡ: ಎಲ್ಮ್ ಆ ಸಂಖ್ಯೆಯ ಆವೃತ್ತಿಯನ್ನು ಬಿಟ್ಟೇ ಇರಲಿಲ್ಲ. ನಕಲಾದರೂ ಪೂರ್ತಿ ದಂಡವಲ್ಲ. ಚೆಕ್ ಎಂಜಿನ್ ದೀಪ ಹತ್ತಿದಾಗ ಪಿ0171 (ಒಂದನೇ ಬ್ಯಾಂಕಿನಲ್ಲಿ, ಅಂದರೆ ಒಂದು ಬದಿಯ ಸಿಲಿಂಡರ್ ಸಾಲಿನಲ್ಲಿ, ಪೆಟ್ರೋಲಿನ ಪ್ರಮಾಣಕ್ಕೆ ಗಾಳಿ ಹೆಚ್ಚಾಗಿದೆ) ಅಥವಾ ಪಿ0300 (ಯಾವುದೋ ಸಿಲಿಂಡರ್‌ಗಳಲ್ಲಿ ಮಿಸ್‌ಫೈರ್, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ) ಎಂಬ ಕೋಡ್ ತೋರಿಸುವಷ್ಟು ಕೆಲಸ ಮಾಡುತ್ತದೆ. ಸ್ವಿಫ್ಟ್‌ಗೆ ಅಷ್ಟು ಸಾಕಾದೀತು, ಮಸ್ಟಾಂಗ್‌ಗೆ ಸಾಲದು.

ಕಾರಣ ಇಷ್ಟೆ. ಸ್ಟೀರಿಂಗ್ ಕೆಳಗಿನ 16 ಪಿನ್‌ಗಳ ಸಾಕೆಟ್‌ನಲ್ಲಿ ಫೋರ್ಡ್ ಎರಡು ಜಾಲಗಳನ್ನು (ಕಾರಿನ ಮಾಡ್ಯೂಲ್‌ಗಳು, ಅಂದರೆ ಒಂದೊಂದು ಕೆಲಸ ನೋಡಿಕೊಳ್ಳುವ ಸಣ್ಣ ಕಂಪ್ಯೂಟರ್‌ಗಳು, ಮಾತಾಡಿಕೊಳ್ಳುವ ವೈರುಗಳು) ಹೊರಗೆ ತಂದಿದೆ. 6 ಮತ್ತು 14ನೇ ಪಿನ್‌ಗಳಲ್ಲಿ ವೇಗದ ಜಾಲ, ಸೆಕೆಂಡಿಗೆ 500 ಕಿಲೋಬಿಟ್. ಎಂಜಿನ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡುವ ವ್ಯವಸ್ಥೆ) ಎಲ್ಲ ಇದರ ಮೇಲೆ. 3 ಮತ್ತು 11ನೇ ಪಿನ್‌ಗಳಲ್ಲಿ 125 ಕಿಲೋಬಿಟ್‌ನ ಮಧ್ಯಮ ಜಾಲ. ಬಾಡಿ ಕಡೆಯ ಕೆಲವು ಮಾಡ್ಯೂಲ್‌ಗಳು ಅಲ್ಲಿ ಕೂತಿವೆ. ಸಾಮಾನ್ಯ ಡಾಂಗಲ್‌ಗೆ ಈ ಎರಡನೆಯ ಜಾಲ ಕಾಣುವುದೇ ಇಲ್ಲ. ಕೆಲವರು ಡಾಂಗಲ್ ಬಿಚ್ಚಿ ಒಂದು ಸಣ್ಣ ಸ್ವಿಚ್ ಬೆಸುಗೆ ಹಾಕಿಕೊಳ್ಳುತ್ತಾರೆ. ಅದೂ ನಡೆಯುತ್ತದೆ, ಆದರೆ ಫೋರ್‌ಸ್ಕ್ಯಾನ್ (ಫೋರ್ಡ್ ಕಾರುಗಳ ತಪಾಸಣೆಯ ತಂತ್ರಾಂಶ) ಕೇಳಿದಾಗಲೆಲ್ಲ ಕೈಯಲ್ಲಿ ತಿರುಗಿಸುತ್ತ ಕೂರಬೇಕು. ಇಎಕ್ಸ್ ಇದನ್ನು ತಾನೇ ಬದಲಿಸಿಕೊಳ್ಳುತ್ತದೆ. ಫೋರ್‌ಸ್ಕ್ಯಾನ್ ತಂತ್ರಾಂಶಕ್ಕೆಂದೇ ಮಾಡಿದ ಯುಎಸ್‌ಬಿ ಅಡಾಪ್ಟರ್ ಇದು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಫೋರ್‌ಸ್ಕ್ಯಾನ್‌ನ ಮೂಲ ಆವೃತ್ತಿ ಪುಕ್ಕಟೆ.

ಇನ್ನೊಂದು ವ್ಯತ್ಯಾಸ ವೇಗದ್ದು. ನಾಲ್ಕೂ ಚಕ್ರಗಳ ವೇಗವನ್ನು ಒಟ್ಟಿಗೆ ಗ್ರಾಫ್ ಹಾಕಿ ನೋಡಿದರೆ ಅಗ್ಗದ ಡಾಂಗಲ್‌ನಲ್ಲಿ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಕ್ಷಣಮಾತ್ರ ಸಿಗ್ನಲ್ ತಪ್ಪಿ ಮತ್ತೆ ಬಂದರೆ ಅದು ಎರಡು ಮೆಟ್ಟಿಲುಗಳ ನಡುವೆ ಎಲ್ಲೋ ಕಳೆದುಹೋಗುತ್ತದೆ. ಇಎಕ್ಸ್‌ನಲ್ಲಿ ಆ ಕುಸಿತ ಸ್ಪಷ್ಟವಾಗಿ ಕಾಣುತ್ತದೆ. ನೇರ ರಸ್ತೆಯಲ್ಲಿ 20 ಕಿಲೋಮೀಟರ್ ವೇಗದಲ್ಲಿ ಹೋಗಿ, ಲ್ಯಾಪ್‌ಟಾಪ್ ಪಕ್ಕದವರ ತೊಡೆಯ ಮೇಲಿರಲಿ. ಮೂರು ಗೆರೆ ಒಟ್ಟಿಗೆ ಓಡಿ ಒಂದು ಮಾತ್ರ ಸೊನ್ನೆಗೆ ಬಿದ್ದರೆ ಹುಡುಕಬೇಕಾದ ಮೂಲೆ ಅದೇ.

ಇನ್ನು ಮಲೆನಾಡಿನ ಮಾಮೂಲಿ ದೃಶ್ಯ. ಜೂನ್‌ನಿಂದ ಶೆಡ್ಡಿನಲ್ಲಿ ನಿಂತ ಕಾರು, ಮಳೆ ಸ್ವಲ್ಪ ಬಿಟ್ಟಿತೆಂದು ಸ್ಟಾರ್ಟ್ ಮಾಡಿದರೆ ಎಬಿಎಸ್, ಟ್ರಾಕ್ಷನ್, ಸ್ಟೀರಿಂಗ್ ಎಲ್ಲವೂ ದೀಪಾವಳಿಯ ಹಾಗೆ ಒಟ್ಟಿಗೆ ಬೆಳಗುತ್ತವೆ. ಗ್ಯಾರೇಜಿನಲ್ಲಿ ಕೇಳಿಬರುವ ಮಾತು ಒಂದೇ: ‘ಎಬಿಎಸ್ ಮಾಡ್ಯೂಲ್ ಹೋಗಿದೆ ಸಾರ್, ತರಿಸಬೇಕು.’ ಒಂದೇ ದಿನ ಮೂರು ಮಾಡ್ಯೂಲ್ ಒಟ್ಟಿಗೆ ಸಾಯುವುದು ಬಲು ಅಪರೂಪ. ಮೂರಕ್ಕೂ ಒಟ್ಟಿಗೆ ವೋಲ್ಟೇಜ್ ಕಡಿಮೆಯಾಗುವುದು ದಿನನಿತ್ಯದ ಸಂಗತಿ.

ಆದ್ದರಿಂದ ಸ್ಕ್ಯಾನರ್ ಚುಚ್ಚುವ ಮೊದಲೇ ಬ್ಯಾಟರಿ ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬ್ಯಾಟರಿಯ ಎರಡು ತುದಿಗಳ ನಡುವೆ 12.6 ವೋಲ್ಟ್ ಇದ್ದರೆ ಪೂರ್ತಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. ಮೀಟರನ್ನು ಮಿನ್-ಮ್ಯಾಕ್ಸ್‌ಗೆ (ಅತಿ ಕಡಿಮೆ, ಅತಿ ಹೆಚ್ಚು ಅಂಕಿಯನ್ನು ನೆನಪಿಡುವ ಸ್ಥಿತಿ) ಇಟ್ಟು ಸೆಲ್ಫ್ ಹೊಡೆಯಿರಿ. ಆ ಹೊತ್ತಿನಲ್ಲಿ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನೋ ದಪ್ಪ ಕೇಬಲನ್ನೋ ಅನುಮಾನಿಸಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.7ರ ನಡುವೆ ಇರಬೇಕು. ಈಗಿನ ಕಾರುಗಳಲ್ಲಿ ಕಂಪ್ಯೂಟರ್ ತಾನೇ ಚಾರ್ಜಿಂಗ್ ಏರಿಳಿಸುವುದರಿಂದ 13ರ ಹತ್ತಿರ ಕಂಡ ತಕ್ಷಣ ಡೈನಮೋ ಬಿಚ್ಚಲು ಹೋಗಬೇಡಿ. ಹೆಡ್‌ಲೈಟ್, ಎಸಿ ಬ್ಲೋವರ್ ಹಾಕಿ ಮತ್ತೊಮ್ಮೆ ನೋಡಿ. ಮೀಟರನ್ನು ಎಸಿ (ಪರ್ಯಾಯ ವಿದ್ಯುತ್) ವೋಲ್ಟ್‌ಗೆ ತಿರುಗಿಸಿದಾಗ 0.1ರ ಒಳಗಿರಬೇಕು. 0.5 ದಾಟಿದರೆ ಡೈನಮೋದ ಡಯೋಡ್ ಹೋಗಿದೆ. ಅರ್ಥವಿಲ್ಲದ ವಿಚಿತ್ರ ಕೋಡ್‌ಗಳು ಹುಟ್ಟುವುದಕ್ಕೆ ಅದೊಂದೇ ಸಾಕು.

ಮಸ್ಟಾಂಗ್‌ನ ಪವರ್ ಸ್ಟೀರಿಂಗ್ ವಿದ್ಯುತ್ ಮೋಟಾರಿನದು, ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಇಳಿದರೆ ಮೊದಲು ಕೂಗುವ ಗಿರಾಕಿಗಳಲ್ಲಿ ಅದೂ ಒಂದು. ಫೋರ್‌ಸ್ಕ್ಯಾನ್‌ನಲ್ಲಿ ಪಿ0562 ಜೊತೆಗೆ ನಾಲ್ಕಾರು ಮಾಡ್ಯೂಲ್‌ಗಳಲ್ಲಿ ಯು3003:16 ಕಂಡರೆ ಅಷ್ಟೂ ಹೇಳುವುದು ಒಂದೇ ಮಾತು: ವೋಲ್ಟೇಜ್ ಕಡಿಮೆ. ಯು0121 ಎಂದರೆ ‘ಎಬಿಎಸ್ ಜೊತೆ ಮಾತು ನಿಂತಿದೆ’ ಎಂದು ಬೇರೆ ಮಾಡ್ಯೂಲ್‌ಗಳು ಕೊಟ್ಟ ದೂರು, ಎಬಿಎಸ್ ಸತ್ತಿದೆ ಎಂದಲ್ಲ. ಎಲ್ಲ ಕೋಡ್‌ಗಳನ್ನೂ ಮೊದಲು ಲ್ಯಾಪ್‌ಟಾಪಿನಲ್ಲಿ ಉಳಿಸಿಕೊಳ್ಳಿ. ದೋಷ ಬಿದ್ದ ಕ್ಷಣದ ಆರ್‌ಪಿಎಂ, ವೇಗ, ಎಂಜಿನ್ ಬಿಸಿ ದಾಖಲಾಗಿದ್ದರೆ ಅದನ್ನೂ ಉಳಿಸಿ. ಅಳಿಸಿದ ಮೇಲೆ ಅದು ವಾಪಸ್ ಬಾರದು. ನಂತರ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಕೋಡ್ ಅಳಿಸಿ, ಒಂದು ಸುತ್ತು ಓಡಿಸಿ. ಮರಳಿ ಬಂದ ಕೋಡ್ ಯಾವುದೋ ಅದರ ಬೆನ್ನು ಹತ್ತಿ. ಸುಮ್ಮನೆ ಸಾಲಾಗಿ ಇಪ್ಪತ್ತು ಕೋಡ್ ಓದಿ ಇಪ್ಪತ್ತು ಭಾಗ ಬದಲಿಸಿದರೆ ಲಾಭ ಬಿಡಿಭಾಗದ ಅಂಗಡಿಯವರಿಗೆ.

ಕೋಡ್ ಮರಳಿ ಬರುವುದು ಹೆಚ್ಚಾಗಿ ಚಕ್ರದ ವೇಗ ಅಳೆಯುವ ಸೆನ್ಸರ್‌ನ ಕಪ್ಲರ್‌ನಿಂದ (ವೈರುಗಳನ್ನು ಜೋಡಿಸುವ ಪ್ಲಗ್). ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ಘಾಟಿಯ 14 ತಿರುವು ಇಳಿದು ಬಂದ ಕಾರಿನ ಫೆಂಡರ್ ಒಳಗೆ ಕೆಂಪು ಕೆಸರು ಮೆತ್ತಿಕೊಂಡಿರುತ್ತದೆ. ಲೈನರ್ ತೆಗೆದು ಕಪ್ಲರ್ ಬಿಚ್ಚಿದರೆ ಹೊರಗೆ ಎಲ್ಲ ಸರಿಯಾಗೇ ಕಾಣುತ್ತದೆ. ಒಳಗಿನ ರಬ್ಬರ್ ಸೀಲ್ ಒಂದು ಬದಿ ಮಡಚಿರುತ್ತದೆ, ಎರಡು ಪಿನ್‌ಗಳಲ್ಲಿ ಒಂದರ ಬುಡದಲ್ಲಿ ಹಸಿರು ಕಿಲುಬು. ಟಾರ್ಚ್ ಹಾಕಿ ಓರೆಯಾಗಿ ನೋಡದಿದ್ದರೆ ಕಣ್ಣಿಗೆ ಬೀಳದು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಮೆತ್ತನೆಯ ಬ್ರಷ್‌ನಿಂದ ತೆಗೆದು, ಪೂರ್ತಿ ಒಣಗಿಸಿ, ಸೀಲ್‌ಗೆ ತೆಳುವಾಗಿ ಡೈಎಲೆಕ್ಟ್ರಿಕ್ (ಕರೆಂಟ್ ಹರಿಸದ) ಗ್ರೀಸ್ ಸವರಿ. ಎಮರಿ ಪೇಪರ್ ಹಾಕಿ ಉಜ್ಜಿದರೆ ಪಿನ್ನಿನ ಲೇಪ ಹೋಗಿ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಇಂಥ ಎರಡು ವೈರಿನ ಹೊಸ ಕಾಲದ ಸೆನ್ಸರ್ ಒಳಗೆ ಎಲೆಕ್ಟ್ರಾನಿಕ್ಸ್ ಇದೆ. ಓಮ್ ಅಳೆದು ಸತ್ತಿದೆ, ಬದುಕಿದೆ ಎಂದು ತೀರ್ಮಾನಿಸಲು ಬರುವುದಿಲ್ಲ.

ಅರ್ತ್ ಪರೀಕ್ಷೆಯಲ್ಲೂ ಓಮ್‌ಗೆ ಬೆಲೆ ಕೊಡಬೇಡಿ. 0.05 ಓಮ್ ತಡೆಯನ್ನು ಸಾಧಾರಣ ಮೀಟರ್ ಹಿಡಿಯಲಾರದು, ಅದರ ತಂತಿಗಳದ್ದೇ ಅದಕ್ಕಿಂತ ಹೆಚ್ಚು. ಆದರೆ ಆ ಅರ್ತ್ ಮೂಲಕ 20 ಆಂಪಿಯರ್ ಹರಿದಾಗ ಪೂರ್ತಿ ಒಂದು ವೋಲ್ಟ್ ಅಲ್ಲೇ ಕರಗುತ್ತದೆ. ಸರಿಯಾದ ದಾರಿ ಇದು: ಇಗ್ನಿಷನ್ ಹಾಕಿ, ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಚಾಲೂ ಮಾಡಿ. ಮೀಟರ್ ಡಿಸಿ ಮಿಲಿವೋಲ್ಟ್‌ನಲ್ಲಿರಲಿ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಸೀಸದ ಕಂಬದ ಮೇಲೆಯೇ (ಕ್ಲಾಂಪ್ ಮೇಲಲ್ಲ), ಕೆಂಪು ಕಡ್ಡಿ ಬಾಡಿ ಅರ್ತ್ ಬೋಲ್ಟ್ ಮೇಲೆ, ಆಮೇಲೆ ಎಂಜಿನ್ ಬ್ಲಾಕ್ ಮೇಲೆ, ಕೊನೆಗೆ ಮಾಡ್ಯೂಲಿನ ಅರ್ತ್ ಪಿನ್‌ನಲ್ಲಿ. 100 ಮಿಲಿವೋಲ್ಟ್ ಒಳಗಿದ್ದರೆ ಚೆನ್ನ. ಎಲ್ಲಿ ಸಂಖ್ಯೆ ಹಠಾತ್ತನೆ ಏರಿತೋ ದೋಷ ಆ ಎರಡು ಬಿಂದುಗಳ ನಡುವೆ. ಬೋಲ್ಟ್ ಬಿಚ್ಚಿ, ಕೆಳಗಿನ ಲೋಹ ಹೊಳೆಯುವವರೆಗೆ ತಿಕ್ಕಿ, ಬಿಗಿದು, ಮೇಲೆ ಗ್ರೀಸ್ ಸವರಿದರೆ ಮುಗಿಯಿತು. ಇಷ್ಟು ಕೆಲಸಕ್ಕೆ ಯಾವ ಸ್ಕ್ಯಾನರ್ ಕೂಡ ಬೇಕಾಗಿಲ್ಲ, ಇಎಕ್ಸ್‌ನ ಗುಣಗಾನದ ನಡುವೆ ಇದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ಜಾಲವೇ ಕಡಿದಿದೆಯೇ ಎಂಬ ಅನುಮಾನವಿದ್ದರೆ ಬ್ಯಾಟರಿ ಕಳಚಿ 6 ಮತ್ತು 14ನೇ ಪಿನ್ ನಡುವೆ ಓಮ್ ನೋಡಿ. 60 ಬರಬೇಕು, ಏಕೆಂದರೆ ಜಾಲದ ಎರಡೂ ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇದೆ. 120 ಬಂದರೆ ಒಂದು ತುದಿ ಕಳಚಿದೆ, ಸೊನ್ನೆಯ ಹತ್ತಿರವಿದ್ದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ತೋಟದ ಶೆಡ್ಡುಗಳಲ್ಲಿ ಇದಕ್ಕೆ ಕಾರಣ ಬಹುಪಾಲು ಇಲಿ. ಈ ವಿ8ನಲ್ಲಿ ನಾಕ್ ಸೆನ್ಸರ್‌ಗಳು (ಎಂಜಿನ್ ಒಳಗಿನ ಬಡಿತ ಗ್ರಹಿಸುವವು) ಗಾಳಿ ಒಳಗೊಯ್ಯುವ ಇಂಟೇಕ್ ಮ್ಯಾನಿಫೋಲ್ಡ್ ಕೆಳಗಿನ ಕಣಿವೆಯಲ್ಲಿವೆ. ಬೆಚ್ಚಗಿನ ಜಾಗ, ಗೂಡಿಗೆ ಹೇಳಿ ಮಾಡಿಸಿದಂತಿದೆ. ಅವುಗಳ ದೂರಾದ ಪಿ0325 ಬಂದರೆ ಸೆನ್ಸರ್ ತರಿಸುವ ಮೊದಲು ಅಲ್ಲಿ ಅಡಿಕೆ ಸಿಪ್ಪೆ, ಹುಲ್ಲು ಇದೆಯೇ ನೋಡಿ. ಕಡಿದ ವೈರಿಗೆ ಬೆಸುಗೆ ಹಾಕಿ, ಒಳಗೆ ಅಂಟು ಬಳಿದಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ) ತೋಳು ಏರಿಸಿ. ಕಪ್ಪು ಇನ್ಸುಲೇಷನ್ ಟೇಪ್ ನಮ್ಮ ಹವೆಗೆ ನಿಲ್ಲುವುದಿಲ್ಲ. ಜಾಲದ ಜೋಡಿ ವೈರುಗಳನ್ನು ಮೊದಲಿದ್ದಂತೆ ಹೆಣೆದೇ ಬಿಡಬೇಕು. ಹಳದಿ ಕಪ್ಲರ್‌ಗಳಿಗೆ ಮಾತ್ರ ಮೀಟರ್ ಹಚ್ಚಬೇಡಿ, ಅವು ಏರ್‌ಬ್ಯಾಗ್‌ನವು.

ನಿಂತ ಕಾರಿನ ಬ್ಯಾಟರಿ ಯಾಕೆ ಇಳಿಯುತ್ತದೆ ಎಂಬುದರಲ್ಲಿ ಸ್ಕ್ಯಾನರ್‌ನದ್ದೂ ಪಾಲಿದೆ. ಸಾಕೆಟ್‌ನ 16ನೇ ಪಿನ್‌ನಲ್ಲಿ ಬೀಗ ಹಾಕಿದ ಮೇಲೂ ಕರೆಂಟ್ ಇರುತ್ತದೆ. ಬ್ಲೂಟೂತ್ ಡಾಂಗಲ್ ಅಲ್ಲೇ ಬಿಟ್ಟರೆ ಅದು ಹಗಲೂ ರಾತ್ರಿ ಎಳೆಯುತ್ತಿರುತ್ತದೆ. ಕಾರು ನಿದ್ದೆಗೆ ಜಾರಿದ ಮೇಲೆ ಒಟ್ಟು ಎಳೆತ 50 ಮಿಲಿಆಂಪಿಯರ್ ಒಳಗಿರಬೇಕು ಎಂಬುದು ರೂಢಿಯ ಲೆಕ್ಕ. 50 ಮಿಲಿಆಂಪಿಯರ್ ಎಂದರೆ ದಿನಕ್ಕೆ 1.2 ಆಂಪಿಯರ್-ಅವರ್, 60 ಆಂಪಿಯರ್-ಅವರ್ ಬ್ಯಾಟರಿ 25 ದಿನಕ್ಕೆ ಅರ್ಧ. ಅದಕ್ಕೆ ಡಾಂಗಲ್ ಸೇರಿದರೆ ಆಷಾಢ ಮುಗಿಯುವ ಮೊದಲೇ ಕಥೆ ಮುಗಿಯುತ್ತದೆ. ಎಳೆತ ಹುಡುಕಲು ಫ್ಯೂಸ್ ಕಿತ್ತು ಹಾಕಿ ಮಾಡಿದರೆ ಮಲಗಿದ ಮಾಡ್ಯೂಲ್ ಎದ್ದು ಲೆಕ್ಕ ಕೆಡಿಸುತ್ತದೆ. ಬೀಗ ಹಾಕಿ ಮುಕ್ಕಾಲು ಗಂಟೆ ಕಾದು, ಫ್ಯೂಸಿನ ಬೆನ್ನಿನ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ನೋಡಿ. 10 ಆಂಪಿಯರ್‌ನ ಮಿನಿ ಫ್ಯೂಸಿನ ತಡೆ ಸುಮಾರು 7ರಿಂದ 8 ಮಿಲಿಓಮ್. ಒಂದು ಮಿಲಿವೋಲ್ಟ್ ಕಂಡರೆ ಸುಮಾರು 130 ಮಿಲಿಆಂಪಿಯರ್ ಹರಿಯುತ್ತಿದೆ ಎಂದರ್ಥ. ಇದಕ್ಕೆ 0.1 ಮಿಲಿವೋಲ್ಟ್‌ವರೆಗೆ ತೋರಿಸುವ ಮೀಟರ್ ಬೇಕು, ಕೊಳ್ಳುವಾಗ ಅದನ್ನೇ ಕೇಳಿ.

ಬ್ಯಾಟರಿ ಬದಲಿಸಿದರೆ ಇಎಕ್ಸ್‌ನ ಇನ್ನೊಂದು ಉಪಯೋಗ ಸಿಗುತ್ತದೆ: ನೆಗೆಟಿವ್ ಕಂಬದ ಮೇಲಿನ ಬ್ಯಾಟರಿ ಮಾನಿಟರ್‌ಗೆ ‘ಹೊಸದು ಬಂತು’ ಎಂದು ಫೋರ್‌ಸ್ಕ್ಯಾನ್‌ನಿಂದ ತಿಳಿಸಬಹುದು. ಹಾಗೆ ಮಾಡದಿದ್ದರೆ ಕಾರು ಹಳೆಯ ಬ್ಯಾಟರಿಯ ಲೆಕ್ಕದಲ್ಲೇ ಚಾರ್ಜ್ ಮಾಡುತ್ತಿರುತ್ತದೆ. ಚಾರ್ಜರ್‌ನ ನೆಗೆಟಿವ್ ಕ್ಲಿಪ್ಪನ್ನೂ ಕಂಬಕ್ಕೆ ಹಾಕದೆ ಬಾಡಿ ಅರ್ತ್‌ಗೆ ಹಾಕಿ, ಇಲ್ಲವಾದರೆ ಮಾನಿಟರ್‌ಗೆ ಆ ಚಾರ್ಜ್ ಕಾಣುವುದೇ ಇಲ್ಲ.

ಇಎಕ್ಸ್‌ನ ಕೊರತೆಗಳೂ ಇವೆ. ಇದು ವೈರಿನದು, ಲ್ಯಾಪ್‌ಟಾಪ್ ಎದುರಿಗಿರಲೇಬೇಕು. ಫೋನಿನಲ್ಲಿ ಕೆಲಸ ಮುಗಿಸುವವರಿಗೆ ಒಗ್ಗದು. ಫೋರ್ಡ್ ಬಿಟ್ಟು ಬೇರೆ ಕಾರಿನ ಆಳಕ್ಕೆ ಇದು ಇಳಿಯದು: ಆಡಿ ಟಿಟಿ ಇದ್ದರೆ ರಾಸ್-ಟೆಕ್‌ನ ವಿಸಿಡಿಎಸ್ ಎಂಬ ಸ್ಕ್ಯಾನರ್ ನೋಡಿ, ಬಿಎಂಡಬ್ಲ್ಯೂಗೆ ಅದರದ್ದೇ ಕೇಬಲ್ ಬೇರೆ. ಬಟ್ಟೆ ಛಾವಣಿಯ ಹಳೆಯ ಬಿಎಂಡಬ್ಲ್ಯೂ ಜೆಡ್4 ಇಟ್ಟುಕೊಂಡವರು ಕೇಬಲ್‌ಗಿಂತ ಮೊದಲು ಛಾವಣಿಯ ನೀರು ಹೋಗುವ ಕೊಳವೆಯಲ್ಲಿ ಎಲೆ ಕಟ್ಟಿದೆಯೇ ನೋಡಲಿ. ಇ85 ಮಾದರಿಯಲ್ಲಿ ಅದು ಕಟ್ಟಿಕೊಂಡರೆ ಛಾವಣಿ ಎತ್ತುವ ಮೋಟಾರ್ ನೀರಲ್ಲಿ ಮುಳುಗುತ್ತದೆ. ಫೋರ್‌ಸ್ಕ್ಯಾನ್‌ನಲ್ಲಿ ಸೆಟ್ಟಿಂಗ್ ಬರೆಯುವ ಭಾಗವೂ ಇದೆ. ಮೂಲ ಮೌಲ್ಯಗಳನ್ನು ಉಳಿಸಿಕೊಳ್ಳದೆ, ಬ್ಯಾಟರಿಗೆ ಚಾರ್ಜರ್ ಹಾಕದೆ ಅದನ್ನು ಮುಟ್ಟಬೇಡಿ. ನಮ್ಮಲ್ಲಿ ಮಳೆಗಾಲದ ಕರೆಂಟಿನ ಭರವಸೆ ಗೊತ್ತೇ ಇದೆ, ಗುಡುಗು ಕೇಳಿದ ದಿನ ಈ ಕೆಲಸ ಬೇಡವೇ ಬೇಡ.

ಇದೆಲ್ಲ ಹಳದಿ ದೀಪಗಳ ಮಾತು. ಆಯಿಲ್ ಪ್ರೆಷರ್, ಎಂಜಿನ್ ಬಿಸಿ, ಬ್ರೇಕ್‌ನ ಕೆಂಪು ದೀಪ ಹತ್ತಿದರೆ ಸ್ಕ್ಯಾನರ್ ಹುಡುಕುವುದಲ್ಲ, ಕಾರನ್ನು ಬದಿಗೆ ಹಾಕಿ ಎಂಜಿನ್ ಆರಿಸುವುದು. ಚೆಕ್ ಎಂಜಿನ್ ಮಿನುಗುತ್ತಿದ್ದರೆ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತಿದೆ, ಆಕ್ಸಿಲರೇಟರ್ ಬಿಡಿ.

ಕಾರನ್ನು ಎಲೆಕ್ಟ್ರಿಷಿಯನ್ ಕೈಗೇ ಕೊಡುವುದಾದರೆ ಉಳಿಸಿಟ್ಟ ಕೋಡ್ ಪಟ್ಟಿಯ ಒಂದು ಪ್ರಿಂಟ್ ಜೊತೆಗಿರಲಿ. ಮಾಡ್ಯೂಲ್ ಬದಲಿಸಬೇಕು ಎಂದಾಗ, ಅದರ ಅರ್ತ್ ಪಿನ್‌ನಲ್ಲಿ ಎಷ್ಟು ಮಿಲಿವೋಲ್ಟ್ ಬರುತ್ತಿದೆ ಎಂದು ಮೀಟರ್ ಹಿಡಿದು ತೋರಿಸಲು ಹೇಳಿ.