ಆರ್ಮ್‌ಗೆ ಕಂಪೈಲರ್ ಪೋರ್ಟ್: ಕ್ಯುಎಮು ಸಾಕೇ, ಬೋರ್ಡ್ ಬೇಕೇ?

ಕಂಪೈಲರನ್ನು ಆರ್ಮ್ ಪ್ರೊಸೆಸರ್‌ಗೆ ಹೊಂದಿಸುವಾಗ (ಪೋರ್ಟ್) ಪರೀಕ್ಷೆಗೆ ನಿಜವಾದ ಆರ್ಮ್ ಬೋರ್ಡ್ ಬೇಕೇ, ಅಥವಾ ಬೇರೆ ಪ್ರೊಸೆಸರ್‌ನ ಕೋಡನ್ನು ಅನುವಾದಿಸಿ ಓಡಿಸುವ ಎಮ್ಯುಲೇಟರ್ ಕ್ಯುಎಮು ಸಾಕೇ? ಕೋಡ್ ಜನರೇಷನ್ (ಯಂತ್ರಸೂಚನೆ ಹೊರಡಿಸುವ) ಹಂತ ಮುಗಿಯುವ ತನಕ, ಒಂಟಿ ಪ್ರೋಗ್ರಾಂ ಓಡಿಸುವ ಕ್ಯುಎಮು ಯೂಸರ್ ಮೋಡ್ ಧಾರಾಳವಾಗಿ ಸಾಕು. ಎಕ್ಸ್86 (ಇಂಟೆಲ್, ಎಎಂಡಿ) ಲಿನಕ್ಸ್ ಯಂತ್ರದಲ್ಲಿ ಆರ್ಮ್‌ಗೆ ಕೋಡ್ ಕಟ್ಟುವ ಕ್ರಾಸ್ ಟೂಲ್‌ಚೈನ್ ಹಾಕಿಕೊಂಡು, ಕ್ಯುಎಮುವಿನ ‘-ಎಲ್’ ಆಯ್ಕೆಗೆ ಸಿಸ್‌ರೂಟ್ (ಆರ್ಮ್ ಲೈಬ್ರರಿಗಳ ಫೋಲ್ಡರ್) ತೋರಿಸಿದರೆ ಟೆಸ್ಟ್ ಬೈನರಿ ಅಲ್ಲೇ ಓಡುತ್ತದೆ. ‘-ಜಿ 1234’ ಕೊಟ್ಟರೆ ಪ್ರೋಗ್ರಾಂ ಡೀಬಗರ್ ಜಿಡಿಬಿಗಾಗಿ ಕಾದು ನಿಲ್ಲುತ್ತದೆ. 32 ಬಿಟ್ ಕೆಲಸಕ್ಕಂತೂ ಇದಕ್ಕೆ ಸಾಟಿಯಿಲ್ಲ: ಸಿಪಿಯು ಹೆಸರನ್ನು ಆರ್ಮ್1176 ಎಂದು ಬದಲಿಸಿ ಓಡಿಸಿ, ಆ ಹಳೆಯ ಚಿಪ್‌ನ ಆರ್ಮ್‌ವಿ6 ಕೋಡಿನೊಳಗೆ ಎಲ್ಲೋ ಅದಕ್ಕೆ ಗೊತ್ತಿಲ್ಲದ ‘ಮೂವ್‌ಟಿ’ ಸೂಚನೆ ನುಸುಳಿದ್ದರೆ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಬಂದು ಸಿಕ್ಕಿಬೀಳುತ್ತದೆ.

ಆದರೆ ಟೆಸ್ಟ್ ಎಲ್ಲ ಪಾಸಾಯಿತೆಂದು ಅಲ್ಲಿಗೇ ರಿಲೀಸ್ ಮಾಡಬೇಡಿ. 64 ಬಿಟ್ ಆರ್ಮ್‌ನಲ್ಲಿ ಎಸ್‌ಪಿ (ಸ್ಟ್ಯಾಕ್ ಪಾಯಿಂಟರ್) ಮೂಲಕ ಲೋಡ್ ಅಥವಾ ಸ್ಟೋರ್ ಮಾಡುವಾಗ ಎಸ್‌ಪಿ 16ರ ಗುಣಕವಾಗಿರಬೇಕು. ಹೊಸ ಬ್ಯಾಕೆಂಡ್ (ಕಂಪೈಲರಿನ ಕೋಡ್ ಹೊರಡಿಸುವ ಭಾಗ) ಒಂದೇ ರಿಜಿಸ್ಟರ್ ಉಳಿಸಲು ಎಸ್‌ಪಿಯಿಂದ 8 ಕಳೆದು ‘ಎಸ್‌ಟಿಆರ್’ (ಸ್ಟೋರ್ ಸೂಚನೆ) ಹಾಕುತ್ತದೆ ಎನ್ನಿ. ವೇಗ ಕುಗ್ಗಬಾರದೆಂದು ಕ್ಯುಎಮು ಈ ತಪಾಸಣೆಯನ್ನೇ ಬಿಟ್ಟಿದೆ, ಹಾಗಾಗಿ ಟೆಸ್ಟ್ ಪಾಸು. ಬೋರ್ಡಿನಲ್ಲಿ ಅದೇ ಬೈನರಿ ಸಿಗ್‌ಬಸ್‌ನಿಂದ (ತಪ್ಪು ಮೆಮೊರಿ ಪ್ರವೇಶದ ಸಿಗ್ನಲ್) ಸಾಯುತ್ತದೆ. ಪರಿಹಾರ: ರಿಜಿಸ್ಟರ್‌ಗಳನ್ನು ಜೋಡಿಯಾಗಿ ‘ಎಸ್‌ಟಿಪಿ’ಯಿಂದ ಉಳಿಸಿ, ಬೆಸ ಸಂಖ್ಯೆ ಬಂದರೆ 8 ಬೈಟ್ ಪ್ಯಾಡಿಂಗ್ ಕೊಡಿ.

ಜಿಟ್ (ಪ್ರೋಗ್ರಾಂ ಓಡುವಾಗಲೇ ಕೋಡ್ ಹುಟ್ಟಿಸುವ ಕಂಪೈಲರ್) ಇದ್ದರೆ ಇನ್ನೂ ಎರಡು ಕಾಟ. ಬರೆದ ಕೋಡಿಗೆ ಇನ್‌ಸ್ಟ್ರಕ್ಷನ್ ಕ್ಯಾಶ್ ಶುಚಿ ಮಾಡುವುದು ಮರೆತರೂ ಎಕ್ಸ್86 ಮೇಲಿನ ಕ್ಯುಎಮು ಬದಲಾವಣೆಯನ್ನು ತಾನೇ ಹಿಡಿದು ಮತ್ತೆ ಅನುವಾದಿಸುತ್ತದೆ. ನಿಜವಾದ ಕೋರ್ ಹಳೆಯ ಬೈಟುಗಳನ್ನೇ ಓಡಿಸಬಹುದು, ಅದೂ ಆಗೊಮ್ಮೆ ಈಗೊಮ್ಮೆ. ಮೆಮೊರಿ ಬ್ಯಾರಿಯರ್ (ಓದು-ಬರಹದ ಕ್ರಮ ಕಾಯುವ ಸೂಚನೆ) ಬಿಟ್ಟುಹೋದ ದೋಷವನ್ನೂ ಎಕ್ಸ್86ನ ಬಿಗಿ ಮೆಮೊರಿ ಕ್ರಮ ಮುಚ್ಚಿಹಾಕುತ್ತದೆ. ಥ್ರೆಡ್ ಟೆಸ್ಟ್‌ಗಳನ್ನು ಎಮ್ಯುಲೇಟರಿನಲ್ಲಿ ಓಡಿಸಿ ಸಮಾಧಾನಪಡುವುದು ಬರೀ ಭ್ರಮೆ.

ಬೋರ್ಡ್ ಎಂದರೆ ರಾಸ್ಪ್‌ಬೆರಿ ಪೈ 5, 8 ಜಿಬಿ: 2.4 ಗಿಗಾಹರ್ಟ್ಸ್‌ನ ನಾಲ್ಕು ಕಾರ್ಟೆಕ್ಸ್-ಎ76 ಕೋರ್. ಅದರ ಒಎಸ್‌ನ 64 ಬಿಟ್ ಡಿಫಾಲ್ಟ್ ಕರ್ನೆಲ್ 16 ಕೆಬಿ ಪೇಜ್ (ಮೆಮೊರಿ ಹಂಚುವ ತುಂಡು) ಬಳಸುತ್ತದೆ. ಸ್ವಂತ ಲಿಂಕರ್ (ತುಣುಕುಗಳನ್ನು ಸೇರಿಸಿ ಬೈನರಿ ಕಟ್ಟುವ ಪ್ರೋಗ್ರಾಂ) ಬರೆದು ಸೆಗ್ಮೆಂಟುಗಳನ್ನು 4 ಕೆಬಿಗೆ ಹೊಂದಿಸಿದವರ ಬೈನರಿ ಇಲ್ಲಿ ಲೋಡೇ ಆಗದೆ ಹೋಗಬಹುದು. ಕಾನ್ಫಿಗ್ ಫೈಲಿನಲ್ಲಿ ‘ಕರ್ನೆಲ್8.ಇಮ್ಗ್’ ಆರಿಸಿದರೆ 4 ಕೆಬಿಗೆ ಮರಳಬಹುದು, ಆದರೆ ಲಿಂಕರನ್ನು 64 ಕೆಬಿಗೆ ಸರಿಪಡಿಸುವುದೇ ಮೇಲು. 5 ಆಂಪಿಯರ್ ಅಡಾಪ್ಟರ್ ತಪ್ಪಿಸಬೇಡಿ: 3 ಆಂಪಿಯರ್‌ನದು ಹಾಕಿದರೆ ಯುಎಸ್‌ಬಿಗೆ 600 ಮಿಲಿಆಂಪಿಯರ್ ಮಿತಿ ಬೀಳುತ್ತದೆ, ಬಿಲ್ಡ್ ನಡುವೆ ಎಸ್‌ಎಸ್‌ಡಿ ಕೈಕೊಟ್ಟೀತು. ಫ್ಯಾನ್ ಇಲ್ಲದಿದ್ದರೆ 80 ಡಿಗ್ರಿ ದಾಟಿದೊಡನೆ ವೇಗ ಇಳಿಯುತ್ತದೆ. ಕಂಪೈಲರ್ ಚೌಕಟ್ಟಾದ ಎಲ್‌ಎಲ್‌ವಿಎಂ ಬಿಲ್ಡ್ ಮಾಡುವವರು ಸಮಾನಾಂತರ ಲಿಂಕ್ ಜಾಬ್ 1ಕ್ಕೆ ಇಳಿಸದಿದ್ದರೆ ಮೆಮೊರಿ ಸಾಲದೆ ಬಿಲ್ಡ್ ನಿಲ್ಲಬಹುದು.

ಆ್ಯಪಲ್‌ನ ಎಂ ಸರಣಿಯ ಲ್ಯಾಪ್‌ಟಾಪ್ ಇರುವವರು ಅದರಲ್ಲೇ ಲಿನಕ್ಸ್ ವಿಎಂ (ವರ್ಚುವಲ್ ಯಂತ್ರ) ಓಡಿಸಲಿ. ಇನ್‌ಸ್ಟ್ರಕ್ಷನ್‌ಗಳು ನೇರ ಕೋರ್ ಮೇಲೆ ನಡೆಯುವುದರಿಂದ ಎಸ್‌ಪಿ ದೋಷ ಕೂಡಲೇ ಬಯಲಾಗುತ್ತದೆ, ಬ್ಯಾರಿಯರ್ ದೋಷಕ್ಕೂ ತಲೆ ಎತ್ತಲು ಅವಕಾಶ ಸಿಗುತ್ತದೆ. 32 ಬಿಟ್ ಆರ್ಮ್ ಕೋಡ್ ಮಾತ್ರ ಆ ಚಿಪ್‌ಗಳಲ್ಲಿ ಓಡುವುದಿಲ್ಲ. ಮ್ಯಾಕ್‌ಒಎಸ್‌ನಲ್ಲೇ ನೇರ ಟೆಸ್ಟ್ ಮಾಡುವವರು ‘ಪ್ರಿಂಟ್‌ಎಫ್’ ಕರೆಗಳ ಮೇಲೆ ಕಣ್ಣಿಡಿ: ಅಲ್ಲಿ ವೇರಿಯಾಡಿಕ್ (ಸಂಖ್ಯೆ ನಿಗದಿಯಿಲ್ಲದ) ಆರ್ಗ್ಯುಮೆಂಟುಗಳು ರಿಜಿಸ್ಟರಿನಲ್ಲಿ ಹೋಗದೆ ಸ್ಟ್ಯಾಕ್ ಮೇಲೆ ಹೋಗುತ್ತವೆ.